ಬಿಳಿ ದಾರದ ಗುಂಡಿ

ಹನ್ನೊಂದು ಗಂಟೆಗೆ ಬರುತ್ತೇನೆಂದು ಅಪ್ಪ ಹೇಳಿದ್ದ. ಹತ್ತೂವರೆ ಆಗಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಔಷಧಿ ಅಂಗಡಿಯವನ ತಲೆ ಇತ್ತು, ಬರೀ ತಲೆ. ಸುತ್ತಲಿನ ಗೋಡೆಯನ್ನೂ ಕೆಳಗಿನ ಚೌಕುಳಿ ಅಂಗಿಯನ್ನೂ ಮಗ ಆಗಲೇ ಕತ್ತರಿಸಿ ಎಸೆದಿದ್ದ. ಈ ಕೆಲಸದ ದೆಸೆಯಿಂದಲೇ ಫೋಟೋ ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಕತ್ತರಿ ಎಂದು ಕರೆಯುತ್ತಿದ್ದರು. ಯಾರಾದರೂ ಹೆಸರು ಹಿಡಿದು ಕರೆದರೆ ಅದು ತನಗೇ ಎಂದು ಗೊತ್ತಾಗಲು ಅವನಿಗೆ ಒಂದು ಗಳಿಗೆ ಬೇಕಾಗುತ್ತಿತ್ತು. ಇನ್ನು ಕೋಟು ಹಾಕಬೇಕು. ಕೋಟು ಅಂದರೆ ಒಂದು ಫೈಲು. ತೆರೆದರೆ ಬಿಳಿ ಅಂಗಿಯ ಕಾಲರು, ಕಪ್ಪು ಕೋಟಿನ ಎರಡು ಭುಜ, ಮೂರು ಗುಂಡಿ, ಕುತ್ತಿಗೆ ಇರಬೇಕಾದ ಕಡೆ ಖಾಲಿ. ಕೋಟು ಕೆಳಗಿನ ಪದರ, ತಲೆ ಮೇಲಿನ ಪದರ. ತಲೆಯನ್ನು ಎಳೆದು ತಂದು ಕಾಲರಿನೊಳಗೆ ಕೂರಿಸಿ, ಗಾತ್ರ ಹೊಂದಿಸಿ, ಅಂಚನ್ನು ಮೆತ್ತಗೆ ಮಾಡಿ, ಒಂದರ ಬಣ್ಣಕ್ಕೂ ಇನ್ನೊಂದರ ಬಣ್ಣಕ್ಕೂ ಜಗಳ ಆಗದ ಹಾಗೆ ಬೆರೆಸಿ, ಕೊನೆಗೆ ಎರಡನ್ನೂ ಕೂಡಿಸಿ ಒಂದೇ ಪದರ ಮಾಡಿಬಿಟ್ಟರೆ ಆಯಿತು. ಎಂಥವನೂ ಹುಟ್ಟಿದಾಗಿನಿಂದ ಕೋಟು ತೊಟ್ಟೇ ಬೆಳೆದವನ ಹಾಗೆ ಕಾಣುತ್ತಾನೆ. ಆರು ನಿಮಿಷದ ಕೆಲಸ. ಅದರಲ್ಲಿ ಒಂದು ನಿಮಿಷ ನೆರಳಿಗೇ ಹೋಗುತ್ತಿತ್ತು. ಕಾಲರಿನ ಎಡಬದಿಯಲ್ಲಿ ಉಗುರಿನ ತುದಿಯ ಆಕಾರದ ಒಂದು ನೆರಳು, ದವಡೆಯದು. ಹೊಸ ತಲೆ ಯಾವುದಕ್ಕೂ ಅದು ಹೊಂದುತ್ತಿರಲಿಲ್ಲ, ಪ್ರತಿ ಸಲವೂ ಮೇಲೆ ಬಿಳಿ ಬಳಿದು ಮುಚ್ಚಬೇಕು. ಮೂಲ ಫೈಲಿನಲ್ಲೇ ಒಂದು ಸಲ ಅಳಿಸಿಬಿಡೋ, ದಿನಾ ಯಾಕೆ ಈ ರಗಳೆ ಎಂದು ಯಜಮಾನರು ಹತ್ತು ಸಲ ಹೇಳಿದ್ದರು. ಅವನು ಹೂಂ ಎನ್ನುತ್ತಿದ್ದ, ಅಳಿಸುತ್ತಿರಲಿಲ್ಲ. ಆ ದವಡೆ ಅಪ್ಪನದು. ಆ ಕೋಟೂ ಅಪ್ಪನದು. ಹನ್ನೆರಡು ವರ್ಷದ ಹಿಂದೆ ಅದರ ಮೇಲೆ ಅಪ್ಪನ ಮುಖ ಇತ್ತು. ಈಗ ಅಪ್ಪ ಆ ಫೋಟೋವನ್ನೇ ಕೇಳಿಕೊಂಡು ಬರುತ್ತಿದ್ದ.

ನಿನ್ನೆ ಊಟಕ್ಕೆ ಕೂತಾಗ ಮಾತು ಬಂದಿತ್ತು. ಮೂವತ್ತೊಂದು ವರ್ಷ ನೀರಿನ ಪಂಪ್‌ಹೌಸಿನಲ್ಲಿ ದುಡಿದವನಿಗೆ ಈ ತಿಂಗಳ ಕೊನೆಗೆ ನಿವೃತ್ತಿ. ಅಲ್ಲಿ ಕೆಲಸಗಾರರ ಕೋಣೆಯ ಗೋಡೆಗೆ ನಿವೃತ್ತರ ಫೋಟೋ ಹಾಕುತ್ತಾರೆ, ಎಲ್ಲರೂ ಕೋಟಿನಲ್ಲಿ. "ಎಲ್ಲ ಮುದಿ ಮುಖಗಳು. ಹೋಗೋ ಹೊತ್ತಿಗೆ ತೆಗೆಸಿದ್ದು," ಎಂದ ಅಪ್ಪ. "ನಂದು ಹಾಗಲ್ಲ. ನಂದು ವಯಸ್ಸಲ್ಲಿ ಇದ್ದಾಗಿಂದೇ ಇದೆಯಲ್ಲ. ನಿನ್ನ ಕಂಪ್ಯೂಟರಲ್ಲಿ ಇದೆ ತಾನೆ?" ತುತ್ತು ಅವನ ಬಾಯಲ್ಲೇ ಇತ್ತು. ಇದೆ ಎಂದ. ಮಗ ತಂದ್ಕೊಡ್ತಾನಲ್ಲ, ನೀವ್ಯಾಕೆ ಬಿಸಿಲಲ್ಲಿ ಹೋಗ್ತೀರಿ ಎಂದು ಅಮ್ಮ ಅಂದಾಗ ಅಪ್ಪ ನಕ್ಕಿದ್ದ: "ಗಿರಾಕಿ ಹಾಗೆ ಹೋಗ್ತೀನಿ ಕಣೆ. ಕುರ್ಚಿ ಹಾಕಿ ಕೂರಿಸ್ತಾರೆ." ಇದೆ. ಎರಡೇ ಅಕ್ಷರ. ಇಲ್ಲ ಅಂದಿದ್ದರೂ ಎರಡೇ ಆಗುತ್ತಿತ್ತು. ರಾತ್ರಿ ಮಗ್ಗುಲು ಬದಲಿಸುತ್ತ ಅವನು ಲೆಕ್ಕ ಹಾಕಿದ್ದ: ಕಂಪ್ಯೂಟರು ಕೆಟ್ಟಿದೆ ಎನ್ನಬಹುದು, ಹಳೆಯ ಡಿಸ್ಕು ಹೋಯಿತು ಎನ್ನಬಹುದು, ಅಪ್ಪನಿಗೆ ಏನು ಗೊತ್ತಾಗುತ್ತದೆ. ಇಲ್ಲದಿದ್ದರೆ ಅಪ್ಪನ ಈಗಿನ ಮುಖವನ್ನೇ ತೆಗೆದು, ಸುಕ್ಕು ಒರೆಸಿ, ಕೂದಲಿಗೆ ಕಪ್ಪು ಬಳಿದು, ಕೆನ್ನೆ ತುಂಬಿಸಿ, ಇದೇ ನೋಡು ಆ ಫೋಟೋ ಎಂದು ಕೈಗಿಡಬಹುದು. ಅವನಿಗೆ ಅದು ಬರುತ್ತಿತ್ತು. ಊರಿನಲ್ಲಿ ಅವನಷ್ಟು ಚೆನ್ನಾಗಿ ಇನ್ನೊಬ್ಬನಿಗೆ ಬರುತ್ತಿರಲಿಲ್ಲ.

ಔಷಧಿ ಅಂಗಡಿಯವನ ತಲೆ ಕಾಲರಿಗಿಂತ ಅಗಲವಾಗಿತ್ತು. ಚಿಕ್ಕದು ಮಾಡಿದ. ತಲೆಗಳನ್ನು ಚಿಕ್ಕದು ಮಾಡುವಾಗ ಅವನಿಗೆ ಯಾವಾಗಲೂ ಸ್ವಲ್ಪ ಖುಷಿ. ಓದಿದವರು, ಸಹಿ ಹಾಕುವವರು, ಕೌಂಟರಿನ ಆಚೆ ಕೂತು ಇನ್ನೊಂದು ಕಾಗದ ತಾ ಎನ್ನುವವರು, ಎಲ್ಲರೂ ಒಂದಲ್ಲ ಒಂದು ದಿನ ಅವನೆದುರು ಆ ಸ್ಟೂಲಿನ ಮೇಲೆ ಕೂತು ಗದ್ದ ಸ್ವಲ್ಪ ಎತ್ತಿ ಅನ್ನಿಸಿಕೊಂಡವರೇ. ಒಂಬತ್ತನೇ ತರಗತಿಯಲ್ಲಿ ಎರಡು ಸಲ ಕೂತು, ಮೂರನೇ ಸಲ ಕೂರಲ್ಲ ಎಂದು ಎದ್ದು ಬಂದವನ ಕೈಯಲ್ಲಿ ಅವರ ಕಿವಿ, ಮೂಗು, ಗಲ್ಲದ ಮಚ್ಚೆ. ಬೇಕಾದರೆ ಒಂದು ಕಿವಿಯನ್ನು ಕೂದಲೆಳೆಯಷ್ಟು ಕೆಳಗಿಟ್ಟು ಕಳಿಸಬಹುದು, ಜೀವಮಾನ ಪೂರ್ತಿ ಫೋಟೋ ನೋಡಿಕೊಂಡು ಏನೋ ಸರಿಯಿಲ್ಲವಲ್ಲ ಎಂದುಕೊಳ್ಳಲಿ. ಒಬ್ಬ ಹೆಡ್‌ಮಾಸ್ಟರಿಗೆ ಹಾಗೆ ಮಾಡಿಯೂ ಇದ್ದ. ಆಮೇಲೆ ಮೂರು ದಿನ ಊಟ ಸೇರಿರಲಿಲ್ಲ, ನಾಲ್ಕನೇ ದಿನ ಫೋಟೋ ಚೆನ್ನಾಗಿ ಬಂದಿಲ್ಲ ಎಂದು ನೆಪ ಹೇಳಿ ಕರೆಸಿ, ಬೇರೆ ಪ್ರತಿ ಕೊಟ್ಟಿದ್ದ. ಅವರು ಒಳ್ಳೆಯ ಹುಡುಗನಪ್ಪಾ ಎಂದು ಬೆನ್ನು ತಟ್ಟಿ ಹೋಗಿದ್ದರು. ಬೆನ್ನು ತಟ್ಟಿಸಿಕೊಂಡದ್ದೇ ಹೆಚ್ಚು ಉರಿದಿತ್ತು.

ಆ ಫೋಟೋ ಮನೆಯ ನಡುಕೋಣೆಯಲ್ಲಿ, ಗಡಿಯಾರದ ಪಕ್ಕದಲ್ಲಿತ್ತು. ಅಪ್ಪ ಒಂದು ವರ್ಷ ಕೆಲಸಗಾರರ ಸಂಘದ ಕಾರ್ಯದರ್ಶಿಯಾಗಿದ್ದಾಗ ತೆಗೆಸಿದ್ದು. ಮನೆಗೆ ಬಂದವರಿಗೆಲ್ಲ ಅಮ್ಮ ಅದನ್ನು ತೋರಿಸುತ್ತಿದ್ದಳು. ಜೀವನದಲ್ಲಿ ಒಂದೇ ಸಲ ಕೋಟು ಹಾಕಿದ್ದು ಇವರು, ನೋಡಿ ಹೇಗೆ ಒಪ್ಪುತ್ತೆ. ಕೋಟಿನ ನಡುವಿನ ಗುಂಡಿಯನ್ನು ಬಿಳಿ ದಾರದಲ್ಲಿ ಹೊಲಿದಿತ್ತು. ಮಿಕ್ಕ ಎರಡಕ್ಕೆ ಕಪ್ಪು ದಾರ. ಸಣ್ಣವನಿದ್ದಾಗ ಅವನು ಕುರ್ಚಿ ಹತ್ತಿ ಆ ಗುಂಡಿಯನ್ನೇ ನೋಡುತ್ತಿದ್ದ, ಅದು ಕೋಟಿನ ಕಣ್ಣು ಎಂದುಕೊಂಡಿದ್ದ. ಆಮೇಲೆ ಗೋಡೆಗೆ ತೇವ ಹಿಡಿದು ಫೋಟೋ ಫ್ರೇಮಿನ ಗಾಜಿಗೆ ಅಂಟಿಕೊಂಡಿತು. ಅಷ್ಟರಲ್ಲಿ ಅವನು ಸ್ಟುಡಿಯೋ ಸೇರಿ ಎರಡು ತಿಂಗಳಾಗಿತ್ತು. ಫ್ರೇಮನ್ನು ಅಲ್ಲಿಗೆ ತಂದ. ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿಕೋ, ಆಮೇಲೆ ಬಿಡಿಸು ಎಂದು ಯಜಮಾನರು ಹೇಳಿದ್ದರು. ಮಾಡಿಕೊಂಡ. ಬಿಡಿಸುವಾಗ ಕೋಟು ಕಾಗದದಲ್ಲಿ ಉಳಿದು ಅಪ್ಪನ ಮುಖ ಗಾಜಿಗೆ ಹೋಯಿತು, ಹಾಲಿನ ಕೆನೆಯ ಹಾಗೆ. ಯಜಮಾನರು ಆ ಗಾಜನ್ನು ನೀರಿಗಿಟ್ಟು, ಉಜ್ಜಿ, ಒರೆಸಿ ಇನ್ಯಾರದೋ ಫ್ರೇಮಿಗೆ ಹಾಕಿದರು. ಅವನು ಮನೆಗೆ ಹೋಗಿ ಹೆದರುತ್ತಲೇ ಹೇಳಿದ. ಅಪ್ಪ ಬೈಯಲಿಲ್ಲ. ಕಂಪ್ಯೂಟರಲ್ಲಿ ಇದೆಯಲ್ಲ, ಅಲ್ಲಿದ್ರೆ ತೇವ ಹಿಡಿಯಲ್ಲ ಬಿಡು ಎಂದ.

ತೇವ ಹಿಡಿಯಲಿಲ್ಲ. ಒಂದು ವಾರದ ಮೇಲೆ ಯಜಮಾನರು, ಗಿರಾಕಿಗಳು ಕೋಟು ಕೇಳುತ್ತಾರೆ, ಎಲ್ಲಾದರೂ ಒಂದು ಒಳ್ಳೆ ಕೋಟು ಹುಡುಕಿ ತಲೆ ತೆಗೆದಿಡು ಎಂದರು. ಅವನಿಗೆ ಗೊತ್ತಿದ್ದದ್ದು ಒಂದೇ ಕೋಟು. ಮೊದಲು ನಕಲು, ಆಮೇಲೆ ಕತ್ತರಿ: ಇದು ಯಜಮಾನರು ಕಲಿಸಿದ ಮೊದಲ ಪಾಠ, ಮೇಜಿನ ಮೇಲೆ ಚೀಟಿಯಲ್ಲಿ ಬರೆದು ಅಂಟಿಸಿಯೂ ಇತ್ತು. ಅವನು ನಕಲು ಮಾಡಲಿಲ್ಲ. ಮುಖವನ್ನು ಹಣೆಯಿಂದ ಶುರು ಮಾಡಿ ಅಳಿಸುತ್ತ ಬಂದ. ದವಡೆಯವರೆಗೆ ಬಂದಾಗ ಕಾಲರಿನ ಮೇಲೆ ನೆರಳು ಮಾತ್ರ ಉಳಿಯಿತು. ಎಲ್ಲ ಪದರ ಕೂಡಿಸಿದ. ಉಳಿಸು ಎಂದು ಒತ್ತಿದಾಗ ಕಂಪ್ಯೂಟರು ಕೇಳಿತು, ಹಳೆಯದರ ಮೇಲೆಯೇ ಬರೆಯಬೇಕೆ? ಹೌದು ಎಂದು ಒತ್ತಿದ. ಕೈ ತಪ್ಪಿತು ಎಂದು ಹನ್ನೆರಡು ವರ್ಷದಿಂದ ತನಗೆ ತಾನೇ ಹೇಳಿಕೊಂಡು ಬಂದಿದ್ದ, ಹೊಸಬರೆಲ್ಲ ಒಂದು ಸಲ ಮಾಡುವ ತಪ್ಪು. ಆದರೆ ಒತ್ತುವ ಮುಂಚೆ ಕೈ ನಿಂತಿತ್ತು. ಎಷ್ಟು ಹೊತ್ತು ಎಂದರೆ ಪರದೆ ಕಪ್ಪಾಗಿ, ಮೌಸು ಅಲ್ಲಾಡಿಸಿ ಎಬ್ಬಿಸಬೇಕಾಗಿತ್ತು. ಆ ಹೊತ್ತಿನಲ್ಲಿ ಅವನ ಕಿವಿಯಲ್ಲಿ ಒಂದೇ ಮಾತು. ಅವನನ್ನು ಕೆಲಸಕ್ಕೆ ಸೇರಿಸಲು ಕರೆತಂದ ದಿನ ಅಪ್ಪ ಇದೇ ಬಾಗಿಲಲ್ಲಿ ನಿಂತು, ಏಳೆಂಟು ಜನ ಗಿರಾಕಿಗಳೆದುರು ಹೇಳಿದ್ದ: "ಇವನಿಗೆ ತಲೆ ಒಂದಿಲ್ಲ ಸಾರ್, ಮಿಕ್ಕಿದ್ದೆಲ್ಲ ಸರಿಯಾಗಿದೆ. ಇಟ್ಕೊಳ್ಳಿ." ಎಲ್ಲರೂ ನಕ್ಕಿದ್ದರು. ಯಜಮಾನರು ಎರಡು ತಿಂಗಳು ಅದನ್ನೇ ಹಿಡಿದುಕೊಂಡು, ಏನಪ್ಪಾ ತಲೆಯಿಲ್ಲದವನೇ, ಟೀ ತಾ ಎನ್ನುತ್ತಿದ್ದರು. ಸರಿ ಅಪ್ಪ, ನಿನಗೂ ತಲೆ ಇರಬೇಡ. ಹಾಗೆ ಅಂದುಕೊಂಡೇ ಒತ್ತಿದನೋ ಅಥವಾ ಒತ್ತಿದ ಮೇಲೆ ಅಂದುಕೊಂಡನೋ, ಇಷ್ಟು ವರ್ಷ ತಿರುವಿ ಹಾಕಿದರೂ ಬಗೆಹರಿದಿರಲಿಲ್ಲ.

ಆಮೇಲೆ ಆ ಕೋಟು ಊರು ತುಂಬಿತು. ಗುರುತಿನ ಚೀಟಿಗಳಲ್ಲಿ, ಕೆಲಸದ ಅರ್ಜಿಗಳಲ್ಲಿ, ಪತ್ರಿಕೆಯ ಮೂಲೆಯ ಶ್ರದ್ಧಾಂಜಲಿಗಳಲ್ಲಿ, ಚುನಾವಣೆಗೆ ನಿಂತವರ ಪೋಸ್ಟರುಗಳಲ್ಲಿ. ಒಂದು ಸಲ ಬಸ್ಸಿಗೆ ಕಾಯುತ್ತಿದ್ದ ಅಪ್ಪ ಅಂಥದೊಂದು ಪೋಸ್ಟರಿಗೆ ಬೆನ್ನು ಕೊಟ್ಟು ನಿಂತದ್ದನ್ನು ಅವನು ರಸ್ತೆಯ ಈಚೆಯಿಂದ ಕಂಡಿದ್ದ. ಮೇಲೆ ಅಭ್ಯರ್ಥಿಯ ದಪ್ಪ ಮುಖ, ಅದರ ಕೆಳಗೆ ಅಪ್ಪನ ಕೋಟು, ಅದರ ಕೆಳಗೆ ಕೈಯಲ್ಲಿ ಊಟದ ಡಬ್ಬಿ ಹಿಡಿದ ಅಪ್ಪ. ಆ ದಿನ ಮಗ ಬಸ್ಸು ಹತ್ತದೆ ನಡೆದೇ ಹೋಗಿದ್ದ.

"ಬನ್ನಿ ಬನ್ನಿ ಪಂಪಿನವರೇ," ಯಜಮಾನರ ದನಿ ಕೇಳಿತು. "ಲೋ ಕತ್ತರಿ, ನಿಮ್ಮಪ್ಪ."

ಅಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟಿದ್ದ, ಹೊಸದಾಗಿ ಕ್ಷೌರ ಮಾಡಿಸಿಕೊಂಡಿದ್ದ. ಹೊಸಿಲಲ್ಲಿ ನಿಂತು, ಒಳಗೆ ಬರಲು ಅಪ್ಪಣೆ ಬೇಕೇನೋ ಎಂಬಂತೆ ಚಪ್ಪಲಿ ನೋಡಿಕೊಂಡ. ಚಪ್ಪಲಿ ಹಾಕ್ಕೊಂಡೇ ಬನ್ನಿ ಎಂದು ಯಜಮಾನರು ಕುರ್ಚಿ ತೋರಿಸಿದರು. ಕುರ್ಚಿಯಲ್ಲಿ ಕೂರುವಾಗ ಅಪ್ಪ ಮಗನ ಕಡೆ ನೋಡಿದ, ಹೇಳಿದ್ದೆನಲ್ಲ ಎಂಬ ಹಾಗೆ. ಪಕ್ಕದ ಕುರ್ಚಿಯಲ್ಲಿ ಔಷಧಿ ಅಂಗಡಿಯವನು ಪ್ರಿಂಟಿಗೆ ಕಾಯುತ್ತಿದ್ದ. ಯಂತ್ರದಿಂದ ಹಾಳೆ ಹೊರಗೆ ಬಂತು, ಒಂದೇ ಹಾಳೆಯಲ್ಲಿ ಎಂಟು ಔಷಧಿ ಅಂಗಡಿಯವರು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿ, ಪಕ್ಕದಲ್ಲಿದ್ದವರಿಗೆ ತೋರಿಸದಿದ್ದರೆ ಹೇಗೆ ಎಂದು ಅಪ್ಪನಿಗೆ ಕೊಟ್ಟ.

"ಕೋಟು ನನಗೆ ಹೊಂದುತ್ತೆ ಅಲ್ವಾ ಪಂಪಿನವರೇ?"

ಅಪ್ಪ ಹಾಳೆಯನ್ನು ಕಣ್ಣಿನ ಹತ್ತಿರ ತಂದ. ಆಮೇಲೆ ದೂರ ಹಿಡಿದ. ಎಂಟು ಕೋಟುಗಳ ಎಂಟು ನಡುಗುಂಡಿಗಳ ಮೇಲೆ ಅವನ ಹೆಬ್ಬೆರಳು ಒಂದೊಂದಾಗಿ ಹೋಯಿತು. ಕತ್ತರಿ ಪರದೆಯ ಹಿಂದೆ ತಲೆ ತಗ್ಗಿಸಿದ.

"ಹೊಂದುತ್ತೆ," ಎಂದ ಅಪ್ಪ ಹಾಳೆ ವಾಪಸು ಕೊಡುತ್ತ. "ಆದ್ರೆ ಭುಜದಲ್ಲಿ ಬಿಗಿ ಬರುತ್ತೆ. ಕೈ ಜಾಸ್ತಿ ಎತ್ತಬೇಡಿ."

ಔಷಧಿ ಅಂಗಡಿಯವನು ಹೋ ಎಂದು ನಕ್ಕ. "ನಿಮ್ಮಪ್ಪ ಭಾರಿ ತಮಾಷೆ ಮನುಷ್ಯ ಕಣಯ್ಯಾ," ಎಂದು ಹೇಳಿ ದುಡ್ಡು ಕೊಟ್ಟು ಹೋದ. ಯಜಮಾನರು ಕಾಗದ ತರಬೇಕೆಂದು ಅವನ ಹಿಂದೆಯೇ ಹೊರಟರು. ಅಪ್ಪ ಎದ್ದು ಮಾದರಿ ಫೋಟೋಗಳ ಹಲಗೆಯ ಮುಂದೆ ಕೈ ಹಿಂದೆ ಕಟ್ಟಿ ನಿಂತ. ಹದಿನಾರು ಗಂಡಸರು, ಒಂದೇ ಕೋಟು. ಪಂಪ್‌ಹೌಸಿನಲ್ಲಿ ಒತ್ತಡದ ಮುಳ್ಳುಗಳನ್ನು ನೋಡಿಕೊಂಡು ಬಂದವನ ರೀತಿಯಲ್ಲೇ, ಎಡದಿಂದ ಬಲಕ್ಕೆ, ಸಾಲು ತಪ್ಪದೆ ನೋಡಿದ.

"ಇವರೆಲ್ಲ ನಾನೇ," ಎಂದ.

ಕತ್ತರಿ ಮೌಸಿನಿಂದ ಕೈ ತೆಗೆದ.

"ನನ್ನ ಮುಖ ಎಲ್ಲೋ?"

ಡಿಸ್ಕು ಹೋಯಿತು ಎಂಬ ಮಾತು ನಾಲಿಗೆಯ ಮೇಲೆ ಸಿದ್ಧವಾಗಿತ್ತು, ರಾತ್ರಿಯೆಲ್ಲ ಉಜ್ಜಿ ಹೊಳಪು ಮಾಡಿಟ್ಟಿದ್ದ. "ಅಳಿಸಿದೆ," ಎಂದ.

"ತಪ್ಪಿ?"

ಈ ಪ್ರಶ್ನೆಗೆ ಹೌದು ಎಂದರೆ ಎಲ್ಲ ಮುಗಿಯುತ್ತಿತ್ತು. ಅಪ್ಪನೇ ಎತ್ತಿ ಕೊಟ್ಟ ಮಾತು ಅದು, ಹಿಡಿದುಕೊಂಡರೆ ಸಾಕು. ಕಂಪ್ಯೂಟರೂ ಹೀಗೆಯೇ ಕೇಳಿತ್ತು, ಆಗ ಹೌದು ಎಂದಿದ್ದ. "ಇಲ್ಲ," ಎಂದ. ಹೇಳಿದ ಮೇಲೆ ಅದು ನಿಜ ಎನ್ನುವುದು ಮೊದಲ ಸಲ ಗೊತ್ತಾಯಿತು. "ಬೇಕಂತಲೇ. ನೀನು ಇಲ್ಲಿ ನಿಂತ್ಕೊಂಡು ಎಲ್ರೆದುರಿಗೆ ಅಂದೆಯಲ್ಲ, ಇವನಿಗೆ ತಲೆ ಒಂದಿಲ್ಲ ಅಂತ. ಅದಕ್ಕೆ."

ಅಪ್ಪ ಹಲಗೆ ಬಿಟ್ಟು ಇತ್ತ ತಿರುಗಿದ. ಮುಖದಲ್ಲಿ ಸಿಟ್ಟು ಬರುತ್ತದೆ ಎಂದು ಕತ್ತರಿ ಕಾದ. ಬರಲೆಂದೇ ಕಾದ. ಬಂದರೆ ಹೇಳಲು ಇನ್ನೂ ಬೇಕಾದಷ್ಟು ಇತ್ತು. ಅಪ್ಪನ ಮುಖದಲ್ಲಿ ಬಂದದ್ದು ಮನೆಯ ಕೀಲಿ ಎಲ್ಲಿಟ್ಟೆ ಎಂದು ಯೋಚಿಸುವವನ ಗೊಂದಲ.

"ಹಾಗಂದಿದ್ನಾ ನಾನು?"

"ಅಂದಿದ್ದೆ."

"ನೆನಪಿಲ್ಲ ಕಣೋ."

ಹನ್ನೆರಡು ವರ್ಷ. ಪ್ರತಿ ತಲೆ ಕತ್ತರಿಸುವಾಗಲೂ ಆ ಮಾತು ಅವನ ಕೈಯೊಳಗೆ ಇತ್ತು, ಅದರ ಮೇಲೆಯೇ ಅವನು ಇಷ್ಟು ಒಳ್ಳೆಯ ಕೆಲಸಗಾರನಾಗಿದ್ದ, ಮತ್ತು ಅದನ್ನು ಆಡಿದವನ ಹತ್ತಿರ ಅದರ ಪ್ರತಿಯೇ ಇಲ್ಲ. ಎದ್ದು ಆ ಹದಿನಾರು ಫೋಟೋಗಳನ್ನು ಹಲಗೆಯ ಸಮೇತ ಬೀದಿಗೆ ಎಸೆಯಬೇಕು ಅನ್ನಿಸಿತು.

"ಅಂದಿರ್ತೀನಿ," ಎಂದ ಅಪ್ಪ. "ಕೆಲಸ ಕೇಳೋಕೆ ಹೋದಾಗ ನಗಿಸಬೇಕಾಗುತ್ತೆ. ನಗಿಸದೆ ಇದ್ರೆ ಯಾರು ಕೊಡ್ತಾರೆ? ನಂಗೂ ಹಾಗೆ ನಗಿಸಿಯೇ ಸಿಕ್ಕಿದ್ದು." ಮತ್ತೆ ಕುರ್ಚಿಗೆ ಬಂದು ಕೂತ. "ಏನೋ ಒಂದು ಅಂದಿರ್ತೀನಿ. ನಿನ್ನ ಬಗ್ಗೆ ಅನ್ನಬಾರದಾಗಿತ್ತು."

ಹೊರಗೆ ಯಾರೋ ಸೈಕಲ್ಲು ನಿಲ್ಲಿಸಿ, ಒಳಗೆ ಇಣುಕಿ ನೋಡಿ, ಮತ್ತೆ ಬರುತ್ತೇನೆ ಎಂದು ಹೋದರು.

"ಆ ಕೋಟೂ ನಂದಲ್ಲ," ಎಂದ ಅಪ್ಪ.

"ಅಂದ್ರೆ?"

"ಫೋಟೋದವನ ಪಕ್ಕ ಒಬ್ಬ ದರ್ಜಿ ಇದ್ದ. ಯಾವನೋ ಗಿರಾಕಿ ಗುಂಡಿ ಹಾಕ್ಸೋಕೆ ಕೊಟ್ಟಿದ್ದ ಕೋಟು. ಹತ್ತು ನಿಮಿಷ ಕೊಡಯ್ಯಾ ಅಂತ ಕಾಲು ಹಿಡಿಯೋದೊಂದು ಬಾಕಿ. ಗುಂಡಿ ಹಾಕದೆ ಕೊಡಲ್ಲ ಅಂದ, ಕಪ್ಪು ದಾರ ಮುಗಿದಿತ್ತು, ಅತ್ಲಾಗೆ ಫೋಟೋದವನು ಬಾಗಿಲು ಹಾಕ್ತಿದ್ದ. ನಾನೇ ಬಿಳಿ ದಾರ ಪೋಣಿಸಿ ಹೊಲ್ಕೊಂಡೆ." ಅಪ್ಪ ತನ್ನ ಎದೆಯ ಮೇಲೆ ಕೈಯಿಟ್ಟು ಆ ಗುಂಡಿ ಇದ್ದ ಜಾಗ ಮುಟ್ಟಿದ. "ನಿಮ್ಮಮ್ಮನಿಗೆ ಹೇಳಿಲ್ಲ. ಬಾಡಿಗೆ ಕೋಟು ಅಂದ್ಕೊಂಡಿದಾಳೆ. ಯಾರದೋ ಕೋಟು. ನಾನು ತಲೆ ಮಾತ್ರ ಇಟ್ಟೆ."

ನಗು ಯಾರಿಗೆ ಮೊದಲು ಬಂತೋ. ಬಂದದ್ದು ಜೋರಾಗಿ ಏನೂ ಅಲ್ಲ, ಮೂಗಿನಲ್ಲೇ ಮುಗಿದುಹೋಯಿತು. ಕತ್ತರಿಯ ಸಿಟ್ಟು ಅದರೊಂದಿಗೆ ಹೋಗಲಿಲ್ಲ, ಅಲ್ಲೇ ಇತ್ತು, ಆದರೆ ಕೂರಲು ಜಾಗ ಸಿಗದವನ ಹಾಗೆ ಎದ್ದು ನಿಂತಿತ್ತು. ಸ್ಟೂಲಿನ ಮೇಲೆ ಕೂತ್ಕೋ ಎಂದ. ದೀಪ ಹಾಕಿದ. ಅಪ್ಪನ ಗದ್ದವನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಎತ್ತಿದ, ಗಿರಾಕಿಗಳಿಗೆ ಹಾಗೆ ಮುಟ್ಟುವುದಿಲ್ಲ, ಬಾಯಲ್ಲಿ ಹೇಳುತ್ತಾನೆ. ಕ್ಷೌರದವನು ಕಿವಿಯ ಕೆಳಗೆ ಒಂದು ಕಡೆ ಬಿಟ್ಟಿದ್ದ. ಗದ್ದ ಹಗುರಾಗಿತ್ತು. "ಸುಕ್ಕು ತೆಗೀಲಾ?" ಎಂದು ಕೇಳಿದ. "ವಯಸ್ಸಲ್ಲಿ ಇದ್ದಾಗಿನ ಹಾಗೆ ಮಾಡೋಕೂ ಆಗುತ್ತೆ. ಯಾರಿಗೂ ಗೊತ್ತಾಗಲ್ಲ."

"ಬೇಡ. ಗೋಡೆ ಮೇಲೆ ಇರೋರೆಲ್ಲ ಮುದುಕರೇ. ನಾನೊಬ್ಬ ಹುಡುಗ ಆದ್ರೆ ಜೊತೆಗೆ ಯಾರಿರ್ತಾರೆ."

ತೆಗೆದ. ಕತ್ತರಿಸಿದ. ಅಪ್ಪ ಎದ್ದು ಬಂದು ಅವನ ಕುರ್ಚಿಯ ಬೆನ್ನಿಗೆ ಕೈಯೂರಿ ನಿಂತು ನೋಡುತ್ತಿದ್ದ. ಕೋಟಿನ ಫೈಲು ತೆರೆದು, ಮೊದಲು ನಕಲು ಮಾಡಿ, ಅಪ್ಪನ ತಲೆಯನ್ನು ಕಾಲರಿನೊಳಗೆ ತಂದಿಟ್ಟ. ಗಾತ್ರ ಹೊಂದಿಸಲು ಹೋದ ಕೈ ನಿಂತಿತು. ಕುತ್ತಿಗೆ ತನ್ನ ಜಾಗಕ್ಕೆ ತಾನೇ ಇಳಿದಿತ್ತು, ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಬಣ್ಣ ಬೆರೆಸಿ, ಅಂಚು ಮೆತ್ತಗೆ ಮಾಡಿದ. ಅಭ್ಯಾಸಬಲದಿಂದ ನೆರಳಿನ ಮೇಲೆ ಬಳಿಯಲು ಬಿಳಿ ತೆಗೆದುಕೊಂಡವನು ಬಿಟ್ಟ. ಅದು ತುಂಬಿದ ದವಡೆಯ ನೆರಳು. ಈಗ ದವಡೆ ಒಳಗೆ ಹೋಗಿತ್ತು, ಎಡಗಡೆಯ ಹಲ್ಲು ಬಿದ್ದು ಮೂರು ವರ್ಷ. ನೆರಳಿಗೂ ದವಡೆಗೂ ನಡುವೆ ಒಂದು ಕಡ್ಡಿ ದಪ್ಪದ ಸಂದು ಉಳಿಯಿತು. ಕಸುಬು ಗೊತ್ತಿದ್ದವರು ನೋಡಿದರೆ ತಪ್ಪು ಎನ್ನುತ್ತಾರೆ. ಇರಲಿ ಎಂದು ಬಿಟ್ಟ.

"ಒಂದು ಕೇಳ್ಲಾ?" ಎಂದ ಅಪ್ಪ. "ಆ ದಾರ ಕಪ್ಪು ಮಾಡೋಕಾಗುತ್ತಾ?"

"ಯಾವುದು?"

"ಗುಂಡಿದು. ಗೋಡೆ ಮೇಲೆ ಇದ್ದಷ್ಟು ದಿನವೂ ನನಗೆ ಅದೇ ಕಾಣ್ತಿತ್ತು. ಬಂದೋರು ಎಲ್ಲಿ ನೋಡಿಬಿಡ್ತಾರೋ ಅಂತ. ಹೊಲಿದು ಇಪ್ಪತ್ನಾಲ್ಕು ವರ್ಷ ಆಯ್ತು."

ಅವನು ಆ ಗುಂಡಿಯನ್ನು ದೊಡ್ಡದು ಮಾಡಿದ, ಪರದೆ ತುಂಬುವಷ್ಟು. ನಾಲ್ಕು ತೂತು, ಅವುಗಳ ನಡುವೆ ಅಡ್ಡಾದಿಡ್ಡಿ ಬಿಳಿ ಎಳೆಗಳು, ದರ್ಜಿಯ ಕೈಯಲ್ಲ ಅದು, ಅವಸರದಲ್ಲಿದ್ದ ಗಂಡಸಿನ ಕೈ. ಇಷ್ಟು ವರ್ಷ ಇಷ್ಟು ಜನರಿಗೆ ಕೋಟು ಹಾಕಿದರೂ ಅವನು ಅದನ್ನು ಮುಟ್ಟಿರಲಿಲ್ಲ. ನೆರಳು ಮುಚ್ಚಿದ್ದ, ದಾರ ಬಿಟ್ಟಿದ್ದ. ಅಪ್ಪನದು ಎಂಬ ಗುರುತು ಅದೊಂದೇ ಎಂದು ಉಳಿಸಿಕೊಂಡಿದ್ದ. ಕಪ್ಪು ಬಣ್ಣ ತೆಗೆದುಕೊಂಡ. ಎಳೆ ಎಳೆಯಾಗಿ, ಹೊಲಿಗೆ ಹೋದ ದಾರಿಯಲ್ಲೇ ಹೋದ. ಒಂದು ನಿಮಿಷವೂ ಹಿಡಿಯಲಿಲ್ಲ.

"ಈಗ ಸರಿ," ಎಂದ ಅಪ್ಪ.

ಉಳಿಸು ಎಂದು ಒತ್ತಿದಾಗ ಕಂಪ್ಯೂಟರು ಅದೇ ಪ್ರಶ್ನೆ ಕೇಳಿತು, ಹಳೆಯದರ ಮೇಲೆಯೇ ಬರೆಯಬೇಕೆ? ಬೇಡ ಎಂದು ಒತ್ತಿದ. ಪದರಗಳನ್ನೂ ಕೂಡಿಸಲಿಲ್ಲ, ತಲೆ ಬೇರೆ ಕೋಟು ಬೇರೆ ಇದ್ದ ಹಾಗೆಯೇ ಇಟ್ಟು ಬೇರೆ ಹೆಸರು ಕೊಟ್ಟ. ಹಾಳೆ ಬೆಚ್ಚಗೆ ಹೊರಗೆ ಬಂತು. ಅಪ್ಪ ಅದನ್ನು ಲಕೋಟೆಗೆ ಹಾಕಿಸಿಕೊಂಡು, ಗಿರಾಕಿಯ ಹಾಗೆ ಜೇಬಿಗೆ ಕೈ ಹಾಕಿ, ಮಗ ಬೈಯುವ ಮೊದಲೇ ಕೈ ತೆಗೆದು, ಚಪ್ಪಲಿ ಹುಡುಕಿದ. ಕಾಲಲ್ಲೇ ಇತ್ತು. ಬಿಸಿಲಿಗೆ ಲಕೋಟೆಯನ್ನು ತಲೆಯ ಮೇಲೆ ಹಿಡಿಯಲು ಹೋಗಿ, ಒಳಗೇನಿದೆ ಎಂದು ನೆನಪಾಗಿ, ಅಂಗಿಯೊಳಗೆ ಸೇರಿಸಿಕೊಂಡು ಹೋದ.

ಆಗಲೇ ಇಣುಕಿ ಹೋಗಿದ್ದ ಸೈಕಲ್ಲಿನವನು ಮತ್ತೆ ಬಂದ. ಕೆಲಸಕ್ಕೆ ಅರ್ಜಿ ಹಾಕಬೇಕಂತೆ, ಕೋಟಿನಲ್ಲಿ ಬೇಕಂತೆ. ಸ್ಟೂಲು ಇನ್ನೂ ಬೆಚ್ಚಗಿತ್ತು. ಕತ್ತರಿ ಅವನ ತಲೆ ತೆಗೆದ, ಸುತ್ತ ಕತ್ತರಿಸಿದ, ಕಾಲರಿನೊಳಗೆ ಇಟ್ಟ, ನೆರಳಿನ ಮೇಲೆ ಬಿಳಿ ಬಳಿದ. ಗುಂಡಿಯ ಹತ್ತಿರ ಬಂದಾಗ ಕೈ ತಾನಾಗಿಯೇ ಕಪ್ಪು ಬಣ್ಣಕ್ಕೆ ಹೋಯಿತು. ಬೆರಳು ಎತ್ತಿದ. ಸೈಕಲ್ಲಿನವನು ಬಿಳಿ ದಾರದ ಗುಂಡಿ ಹಾಕಿಕೊಂಡು, ಊರಿನ ಉಳಿದವರೆಲ್ಲರ ಹಾಗೆ, ಪರದೆಯಿಂದ ನೋಡಿದ.